ಅರ್ಥವಾಯಿತು ಸಾರ್

ಹೊಸನಗರದ ಬಿಆರ್‌ಸಿ ಕಟ್ಟಡದ ಮೇಲ್ಮಹಡಿ.
ನಲವತ್ತೊಂದು ಜನ, ಆರು ಪ್ಲಗ್ಗು,
ಒಂದು ಪ್ರೊಜೆಕ್ಟರು. ಅದಕ್ಕೆ ಹಸಿರು ಕಾಣುವುದಿಲ್ಲ,
ನನ್ನ ಸ್ಲೈಡಿನ ಎಲೆಗಳೆಲ್ಲ ಮಸಿಬಣ್ಣ.

ಮೊದಲ ದಿನ ಹೇಳಿದೆ:
ಇದು ಆ್ಯಪು, ಇಲ್ಲಿ ಒತ್ತಿ, ಇಲ್ಲಿ ಬರೆಯಿರಿ,
ಕನ್ನಡದಲ್ಲೇ ಕೇಳಿ, ಕನ್ನಡದಲ್ಲೇ ಹೇಳುತ್ತದೆ.
ಅರ್ಥವಾಯಿತಾ?
ಹೂಂ ಮೇಡಂ, ಎಂದಿತು ಇಡೀ ಕೋಣೆ.
ನಂಬಿದೆ. ಸಹಿ ಹಾಕಿಸಿಕೊಂಡೆ
ಹಾಜರಾತಿಗೆ, ಊಟಕ್ಕೆ, ಪ್ರಯಾಣ ಭತ್ಯೆಗೆ.

ಫಿಲೋಮಿನಾ ಟೀಚರ್ ಪಾಠಯೋಜನೆ ಕೇಳಿದರು:
ನಾಲ್ಕನೇ ತರಗತಿ, ಭಿನ್ನರಾಶಿ.
ಹನ್ನೊಂದು ಸೆಕೆಂಡಿನಲ್ಲಿ ಬಂತು
ಉದ್ದೇಶ, ಪೂರ್ವಜ್ಞಾನ, ಚಟುವಟಿಕೆ, ಮೌಲ್ಯಮಾಪನ,
ಮತ್ತೊಂದು ಪಿಜ್ಜಾ.
ಪಿಜ್ಜಾ ತೆಗೆದು ದೋಸೆ ಮಾಡು, ಎಂದರು.
ಮಾಡಿತು. ಚಪ್ಪಾಳೆ.
ಪೆನ್‌ಡ್ರೈವಿಗೆ ಹಾಕಿಕೊಂಡರು ಎಲ್ಲರೂ, ದೋಸೆ ಸಮೇತ.

ಹಿಂದಿನ ಸಾಲಿನ ಟೀಕಪ್ಪ ಮೇಷ್ಟ್ರು ಮಾತ್ರ
ಫೋನನ್ನು ಜೇಬಿನಿಂದ ತೆಗೆದೇ ಇರಲಿಲ್ಲ.
ಹಿನ್ನೀರಿನ ಆಚೆ ದಂಡೆಯ ಶಾಲೆ, ಹದಿಮೂರು ಮಕ್ಕಳು,
ಐದು ತರಗತಿ, ಒಬ್ಬರೇ.
ನಿವೃತ್ತಿಗೆ ಹದಿನಾಲ್ಕು ತಿಂಗಳು.
ಇವರಿಗೇನು ಕಲಿಸುವುದು ಎಂದು ಬಿಟ್ಟುಬಿಟ್ಟಿದ್ದೆ.
ಅದರಲ್ಲಿ ಗೌರವ ಎಷ್ಟು, ಸೋಮಾರಿತನ ಎಷ್ಟು
ಈಗ ಹೇಳಲಾರೆ.

ಎರಡನೇ ದಿನ ಊಟದ ಹೊತ್ತಿಗೆ ಅವರೇ ಬಂದರು
ನೋಟ್‌ಪುಸ್ತಕದ ಹರಿದ ಹಾಳೆ ಹಿಡಿದು.
ನೋಡಿ, ಇದು ನಮ್ಮ ಮೋಕ್ಷಿತ್ ಬರೆದದ್ದು.
ಕಾಲು ದೊಡ್ಡದು, ಅರ್ಧ ಚಿಕ್ಕದು.
ಯಾಕೋ ಅಂದ್ರೆ, ಎರಡಕ್ಕಿಂತ ನಾಲ್ಕು ದೊಡ್ಡದಲ್ವಾ ಸಾರ್ ಅಂತಾನೆ.
ಮೂರು ವಾರದಿಂದ ಹೇಳ್ತಿದೀನಿ. ಹೂಂ ಸಾರ್ ಅಂತಾನೆ,
ಮತ್ತೆ ಇದನ್ನೇ ಬರೀತಾನೆ.
ನಿಮ್ಮ ಯಂತ್ರ ಇವನಾಗ್ತದಾ?

ಉತ್ತರ ಕೊಡು ಎಂದು ಕೇಳುವುದನ್ನೇ
ಎರಡು ದಿನ ಕಲಿಸಿದ್ದೆ.
ತಪ್ಪು ಮಾಡು ಎಂದು ಅದನ್ನು ಕೇಳಿರಲಿಲ್ಲ ಯಾರೂ.

ಕಿಟಕಿಯ ಹತ್ತಿರ ಎರಡು ಗೆರೆ ಸಿಗ್ನಲ್.
ಬರೆದೆವು: ನೀನು ಒಂಬತ್ತು ವರ್ಷದ ಹುಡುಗ.
ಅರ್ಧಕ್ಕಿಂತ ಕಾಲು ದೊಡ್ಡದು ಅಂತ ನಿನ್ನ ಗಟ್ಟಿ ನಂಬಿಕೆ.
ನಾನು ಮೇಷ್ಟ್ರು. ಶುರು.

ಒಂದೇ ಬೆರಳಲ್ಲಿ, ಅಕ್ಷರ ಹುಡುಕಿ ಹುಡುಕಿ,
ಮೇಷ್ಟ್ರು ಬೆಲ್ಲದ ಅಚ್ಚೊಂದು ತಂದರು,
ಇಬ್ಬರಿಗೆ ಒಡೆದರು, ಆಮೇಲೆ ನಾಲ್ವರಿಗೆ.
ಅದು ಬರೆಯಿತು:
ಓಹ್, ಈಗ ಅರ್ಥವಾಯಿತು ಸಾರ್! ತುಂಬಾ ಧನ್ಯವಾದಗಳು.

ಕನ್ನಡಕ ತೆಗೆದು ನಕ್ಕರು.
ಭಾರಿ ಒಳ್ಳೇ ಹುಡುಗ ಮಾರಾಯ್ರೆ ಇವನು,
ಇಂಥವನಿಗೆ ಮೇಷ್ಟ್ರು ಯಾಕೆ.

ಮತ್ತೆ ಬರೆದರು: ಬಾಯಲ್ಲಿ ಹೂಂ ಅನ್ನು,
ಒಳಗೆ ಒಪ್ಪಬೇಡ.
ಹೂಂ ಸಾರ್, ಎಂದಿತು.
ಆದರೆ ಕಾಲು ಬೆಲ್ಲ ನನಗಿರಲಿ ಸಾರ್, ಅದೇ ದೊಡ್ಡದು.
ಈಗ ಬಂದ ನೋಡಿ, ಎಂದರು ಮೇಷ್ಟ್ರು,
ಹಳೇ ನೆಂಟ ಸಿಕ್ಕ ಹಾಗೆ.

ಅನ್ನ ತಣ್ಣಗಾಯಿತು.
ಚಿತ್ರ ಬಿಡಿಸಿದ ಹಾಗೆ ಹೇಳಿದರು, ಗದರಿದರು, ಅಳೆದು ತೋರಿಸಿದರು.
ಏಳನೇ ಸಲ ಹೇಳುವುದನ್ನೇ ಬಿಟ್ಟು ಕೇಳಿದರು:
ನಿಮ್ಮನೇಲಿ ನೀನೂ ತಂಗಿಯೂ ಹಂಚಿಕೊಳ್ಳುವಾಗ
ಇನ್ನಿಬ್ಬರು ಬಂದು ಕೂತರೆ
ನಿನ್ನ ಪಾಲು ಏನಾಗ್ತದೆ?

ಉತ್ತರ ಬರುವ ಮುಂಚೆ ಸಿಗ್ನಲ್ ಹೋಯಿತು.
ಪರದೆಯ ಮೇಲೆ ಪುಟ್ಟ ಚಕ್ರ ತಿರುಗುತ್ತಲೇ ಇತ್ತು.
ಪರವಾಗಿಲ್ಲ, ಎಂದರು, ಉಳಿದದ್ದು ಮೋಕ್ಷಿತ್ ಹೇಳ್ತಾನೆ.
ಹಾಳೆ ಮಡಿಸಿ ಜೇಬಿಗಿಟ್ಟು ಕೈ ತೊಳೆಯಲು ಹೋದರು.

ಎರಡೂವರೆಗೆ ನನ್ನ ಕೊನೆಯ ಸ್ಲೈಡು.
ಅದರ ಕೆಳಗೆ ಬರೆದುಕೊಂಡಿದ್ದೆ, ಎಲ್ಲರಿಗೂ ಅರ್ಥವಾಯಿತಾ.
ಹೂಂ ಎನ್ನಲು ಬಾಯಿಗಳು ಸಿದ್ಧವಾಗಿದ್ದವು.
ಮಾಸ್ತಿಕಟ್ಟೆ ಬಸ್ಸಿಗೆ ಇನ್ನೂ ಹೊತ್ತಿತ್ತು.

ಪ್ರೊಜೆಕ್ಟರ್ ಆರಿಸಿದೆ.
ಕುರ್ಚಿ ಎಳೆದುಕೊಂಡು ಫಿಲೋಮಿನಾ ಟೀಚರ್ ಪಕ್ಕ ಕೂತು
ಕೇಳಿದೆ: ಆ ದೋಸೆ
ನಿಮ್ಮ ಕ್ಲಾಸಲ್ಲಿ ಯಾರಿಗೆ ಅರ್ಥವಾಗೋದಿಲ್ಲ?

ತುಂಬಾ ಹೊತ್ತು ಯೋಚಿಸಿದರು.
ಆಮೇಲೆ ಒಂದು ಹೆಸರು ಹೇಳಿದರು.